ಚಿದ್ರಿ ಸ್ಪ್ಯಾನಿಷ್

ಹೋದ ತಿಂಗಳು ನಮ್ಮ ಸರ್ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು ಭಾಲ್ಕಿಯ ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಭೂಗೋಳ ಕಲಿತವರು. ಈಗ ತಲೆ ನರೆತವರು, ಹೊಟ್ಟೆ ಬಂದವರು. ಅವರಲ್ಲೊಬ್ಬರು ಎದ್ದು ನಿಂತು, ಸರ್‌ಗೆ ಏಳು ಭಾಷೆ ಬರುತ್ತಿದ್ದವು ಎಂದು ಹೇಳಿ ಕಣ್ಣೊರೆಸಿಕೊಂಡರು. ನಾನು ಆ ದುಃಖದಲ್ಲೂ ಬೆರಳು ಮಡಿಚಿ ಎಣಿಸಿದೆ. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ದಖ್ಖನಿ ಉರ್ದು, ಎದುರುಮನೆಯವರ ಜೊತೆ ತೆಲುಗು, ರೇಡಿಯೋ ಕೇಳಲು ಹಿಂದಿ, ಅರ್ಜಿ ಬರೆಯಲು ಇಂಗ್ಲಿಷ್. ಆರಾಯಿತು. ಏಳನೆಯ ಭಾಷೆ ಅವರನ್ನು ಬಿಟ್ಟರೆ ಲೋಕದಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ಅದಕ್ಕೆ ಅವರು ಸ್ಪ್ಯಾನಿಷ್ ಎನ್ನುತ್ತಿದ್ದರು. ಸ್ಪ್ಯಾನಿಷ್ ಮಾತಾಡುವವರಿಗೆ ಮಾತ್ರ ಅದು ತಿಳಿಯುತ್ತಿರಲಿಲ್ಲ.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಹುಟ್ಟೂರು ಔರಾದ. ಮದುವೆಯಾಗಲಿಲ್ಲ. ಕಡ್ಡಿಯಂಥ ಮೈ, ಅಂಗಿಯ ಜೇಬಿನಲ್ಲಿ ಕೆಂಪು, ನೀಲಿ, ಹಸಿರು ಮೂರು ಪೆನ್ನು, ಬಾಯಲ್ಲಿ ಸದಾ ಬಡೇಸೋಪು, ಅಂದರೆ ಸೋಂಪಿನ ಕಾಳು. ಮೂವತ್ತು ವರ್ಷ ದಿನಾ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬಂದು ಮಕ್ಕಳಿಗೆ ಆಂಡಿಸ್ ಪರ್ವತದ ಬಗ್ಗೆ ಪಾಠ ಹೇಳಿದರು. ಬಸ್ಸೆಂದರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಹತ್ತಿದ ಕೂಡಲೇ ಹೊಟ್ಟೆ ತೊಳೆಸುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದೇ ಸ್ಪ್ಯಾನಿಷ್. ಕಣ್ಣು ಮುಚ್ಚಿ ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಹೇಳುತ್ತಿದ್ದರೆ ವಾಂತಿ ಬರುತ್ತಿರಲಿಲ್ಲವಂತೆ. ಬೀದರದಿಂದ ಹಾಲಬರ್ಗಾದವರೆಗೆ ವರ್ತಮಾನಕಾಲ, ಅಲ್ಲಿಂದ ಭಾಲ್ಕಿಯವರೆಗೆ ಭೂತಕಾಲ. ಬರುವಾಗ ಸಂಜೆ ಪೂರ್ತಿ ಭವಿಷ್ಯತ್ಕಾಲ. ಅವರ ಪಕ್ಕ ಕೂತ ಹೊಸಬರು ಯಾವುದೋ ಮಂತ್ರ ಇರಬೇಕೆಂದು ಕೈಮುಗಿದದ್ದೂ ಉಂಟು.

ಈ ವಿದ್ಯೆ ಅವರಿಗೆ ಸಿಕ್ಕಿದ್ದು ಬೀದರಿನ ಒಂದು ರದ್ದಿ ಅಂಗಡಿಯಲ್ಲಿ. ಹಳೇ ಪೇಪರು ಹಾಕಲು ಹೋದವರು ದಪ್ಪನೆಯ ಒಂದು ಸ್ಪ್ಯಾನಿಷ್ ಪಾಠಪುಸ್ತಕ ಎತ್ತಿಕೊಂಡು ಬಂದರು. ಅದಕ್ಕೆ ದಕ್ಷಿಣ ಅಮೆರಿಕದ ಹಳೆಯ ನಕಾಶೆಯನ್ನೇ ರಟ್ಟಾಗಿ ಹಾಕಿದ್ದರು. ವ್ಯಾಕರಣ ಇತ್ತು, ಪದಕೋಶ ಇತ್ತು, ಪತ್ರಲೇಖನ ಇತ್ತು. ಇಲ್ಲದ್ದು ಮೊದಲ ಹದಿನಾರು ಪುಟ ಮಾತ್ರ. ಯಾವ ಅಕ್ಷರವನ್ನು ಬಾಯಲ್ಲಿ ಹೇಗೆ ಅನ್ನಬೇಕು ಎನ್ನುವುದು ಆ ಹದಿನಾರು ಪುಟದಲ್ಲೇ ಇತ್ತು.

ಸರ್ ಇದಕ್ಕೆಲ್ಲ ತಲೆಕೆಡಿಸಿಕೊಂಡವರಂತೆ ಕಾಣಲಿಲ್ಲ. ಬರೆದ ಹಾಗೆ ಓದುವುದು, ಓದಿದ ಹಾಗೆ ಬರೆಯುವುದು ಕನ್ನಡದವರಾದ ನಮಗೆ ರಕ್ತದಲ್ಲೇ ಬಂದದ್ದು. ಹಾಗಾಗಿ ಪುಸ್ತಕದಲ್ಲಿ ಹ ಕಂಡರೆ ಹ ಅಂದರು, ಜ ಕಂಡರೆ ಜ ಅಂದರು. ಭೇಟಿಯಾದಾಗ ಹೇಳುವ 'ಓಲಾ' ಎಂಬ ಮಾತು ಅವರ ಬಾಯಲ್ಲಿ 'ಹೊಲಾ' ಆಯಿತು. ಅದಕ್ಕೆ ಅವರದೇ ವಿವರಣೆಯೂ ಇತ್ತು. ಆ ದೇಶದವರೂ ನಮ್ಮ ಹಾಗೆ ಒಕ್ಕಲುತನದ ಮಂದಿ, ಎದುರಾದ ಕೂಡಲೇ ಮೊದಲು ಹೊಲದ ಸುದ್ದಿ ತೆಗೆಯುತ್ತಾರೆ ಎಂದು.

ಸ್ಪ್ಯಾನಿಷ್ ಎಂದರೆ ಹಡಗು ಹತ್ತಿ ಹೋದ ಬೀದರ ಬಜಾರು ಎನ್ನುವುದು ಅವರ ಸಿದ್ಧಾಂತ. ಅಂಗಿಗೆ ಅವರು ಕಮಿಸಾ ಅಂತಾರೆ, ನಮ್ಮ ಖಮೀಸು. ಮೇಜಿಗೆ ಮೇಸಾ. ಅಲಮಾರಿಗೆ ಅರ್ಮಾರಿಯೊ. ಬಕೀಟಿಗೆ ಬಾಲ್ದೆ, ನಮ್ಮ ಬಾಲ್ಟಿ. ಹೇಳುತ್ತ ಹೇಳುತ್ತ ತೊಡೆ ತಟ್ಟಿಕೊಳ್ಳುತ್ತಿದ್ದರು. ಒಮ್ಮೆ ಈ ಸಿದ್ಧಾಂತವನ್ನು ಸಾಧಿಸಿ ತೋರಿಸುತ್ತೇನೆಂದು ನನ್ನನ್ನು ಕಿರಾಣಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯ ಚಾಚಾ ದಖ್ಖನಿಯವರು. ಸರ್ ಗಂಭೀರವಾಗಿ 'ಜಬೋನ್' ಕೊಡಿ ಎಂದರು. ಸಾಬೂನಿಗೆ ಪುಸ್ತಕದಲ್ಲಿದ್ದ ಪದ ಅದು. ಚಾಚಾ ಒಂದು ಕ್ಷಣ ಯೋಚಿಸಿ ಗುಲಾಬ್ ಜಾಮೂನಿನ ಪಾಕೀಟು ತೆಗೆದಿಟ್ಟರು. ಸರ್ ಸೋಲಲಿಲ್ಲ. ಪಾಕೀಟು ಹಿಡಿದುಕೊಂಡು ಹೊರಗೆ ಬಂದು, ಮೂರಕ್ಷರದಲ್ಲಿ ಎರಡು ಸರಿಯಾಗಿ ಮುಟ್ಟಿದವು ಎಂದರು. ಆ ಭಾನುವಾರ ನಮ್ಮ ಮನೆಯಲ್ಲಿ ಜಾಮೂನು.

ಅವರ ಹತ್ತಿರ ಸ್ಪ್ಯಾನಿಷ್ ಕಲಿತವಳು ನಾನೊಬ್ಬಳೇ. ಕಲಿಯುವ ಪ್ರಸಂಗ ಬಂದದ್ದು ನೀರಿನಿಂದ. ನಾನು ಸಿವಿಲ್ ಇಂಜಿನಿಯರಿಂಗ್ ಓದಿದವಳು. ನಮ್ಮ ಬೀದರಿನ ನೆಲದಡಿಯಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ಒಂದರಿಂದ ಒಂದಕ್ಕೆ ನೀರು ಹರಿಯುವ ಬಾವಿಗಳ ಸಾಲು, ಅದರ ಹುಚ್ಚು ನನಗೆ. ಪೆರು ದೇಶದ ಮರುಭೂಮಿಯ ಅಡಿಯಲ್ಲೂ ಅಂಥವೇ ಹಳೆಯ ಸುರಂಗಗಳಿವೆ, ಅವುಗಳ ಬಗ್ಗೆ ಓದಲು ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಇದೆ ಎಂದು ತಿಳಿಯಿತು. ಸ್ಪ್ಯಾನಿಷಿನಲ್ಲಿ ಪರೀಕ್ಷೆ ಬರೆಯಬೇಕಿತ್ತು. ಮನೆಯಲ್ಲಿ ಎಲ್ಲರೂ ಒಮ್ಮೆಗೇ ಮೂರನೆಯ ಮನೆಯ ಕಡೆ ನೋಡಿದರು.

ಒಂದೂವರೆ ವರ್ಷ ಕಲಿಸಿದರು. ಒಂದು ದಿನ ತಪ್ಪಿಸಲಿಲ್ಲ. ಅವರ ಅಂಗಳದಲ್ಲಿ ಚಾಪೆ, ಅದರ ಮೇಲೆ ನಾನು. ಕುರ್ಚಿಯ ಮೇಲೆ ಅವರು. ತಪ್ಪಿಗೆ ಕೆಂಪು, ಸರಿಗೆ ಹಸಿರು. ನಾನೇನು ಕಿವುಡಿಯಲ್ಲ. ಫೋನಿನಲ್ಲಿ ಆ ದೇಶದವರು ಮಾತಾಡುವುದನ್ನು ಕೇಳಿದ್ದೆ. ಸರ್ ಅನ್ನುವ ಹಾಗೆ ಅವರು ಅನ್ನುತ್ತಿರಲಿಲ್ಲ. ಕೇಳಿಯೂ ಬಿಟ್ಟೆ. ಸರ್ ಬಡೇಸೋಪು ಅಗಿಯುವುದನ್ನು ನಿಲ್ಲಿಸಿದರು.

"ಅವರು ಬ್ಯಾರೆ ಜಿಲ್ಲಾದವರು ಇರಬೇಕು ನೋಡು," ಎಂದರು. "ನಾವು ಹೋಗ್ತೇನಿ ಅಂತೇವಿ, ಮೈಸೂರವರು ಹೋಗ್ತೀನಿ ಅಂತಾರ. ಹಂಗ."

ನಾನು ನಂಬಿದೆ. ಪೂರ್ತಿ ನಂಬಲಿಲ್ಲ, ಆದರೆ ಅವರು ಅಷ್ಟು ಬೇಗ ಫೋನು ಒಳಗಿಡು ಎಂದದ್ದರಿಂದ ನಂಬಿದ ಹಾಗೆ ಮಾಡಿದೆ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಬರೆಯುವ ಸ್ಪ್ಯಾನಿಷಿನಲ್ಲಿ ಸರ್ ಕಲಿಸಿದ್ದರಲ್ಲಿ ಒಂದು ಬೊಟ್ಟಿನಷ್ಟೂ ತಪ್ಪಿರಲಿಲ್ಲ.

ಹೊರಡುವ ಮುನ್ನಾ ದಿನ ಅವರು ಕೊನೆಯ ಪಾಠ ಹೇಳಿದರು. ಪುಸ್ತಕದಲ್ಲಿ ಹಿರಿಯರಿಗೆ ಸೆನ್ಯೋರ್ ಅನ್ನಬೇಕೆಂದಿದೆ, ಅದು ಕಚೇರಿ ಮಾತು, ಅದರಲ್ಲಿ ಅಂತಃಕರಣ ಇಲ್ಲ ಎಂದರು.

"ವಯಸ್ಸಾದವರು ಕಂಡ್ರ ಕೈಮುಗಿದು ಕಾಕಾ ಅನ್ನು. ಯಾವ ದೇಶದಾಗೇ ಇರ್ಲಿ, ಕಾಕಾ ಅಂದ್ರ ಮನುಷ್ಯಾ ಕರಗ್ತಾನ."

ನಮ್ಮಲ್ಲಿ ಕಾಕಾ ಎಂದರೆ ಚಿಕ್ಕಪ್ಪ. ಚಿಕ್ಕಪ್ಪನಲ್ಲದ ಹಿರಿಯರಿಗೂ ಅದೇ ಮರ್ಯಾದೆ. ಸ್ಪ್ಯಾನಿಷಿನಲ್ಲಿ ಕಾಕಾ ಎಂದರೆ ಏನು ಎನ್ನುವುದು ಅವರ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ಸಭ್ಯವಾಗಿತ್ತು.

ವಿಮಾನ ಇಳಿದ ಕೂಡಲೇ ನನ್ನ ಗ್ರಹಚಾರ ಶುರುವಾಯಿತು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಹೆಸರು ಕೇಳಿದ. 'ನನ್ನ ಹೆಸರು' ಎನ್ನಲು 'ಮೆ ಯಾಮೊ' ಎನ್ನಬೇಕು. ಬರೆಯುವಾಗ ಅಲ್ಲಿ ಎರಡು ಲ ಇರುತ್ತವೆ. ನಾನು ಎರಡು ಲ ಕಂಡವಳು, ಬಿಡುತ್ತೇನೆಯೇ. 'ಮೆ ಲಾಮೊ' ಎಂದೆ. ಹಾಗೆಂದರೆ 'ನಾನು ನನ್ನನ್ನೇ ನೆಕ್ಕಿಕೊಳ್ಳುತ್ತೇನೆ' ಎಂದರ್ಥ. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಠಸ್ಸೆ ಒತ್ತಿದ.

ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಅರವತ್ತು ದಾಟಿದ ಪ್ರೊಫೆಸರ್. ಬಿಳಿ ಮೀಸೆ, ದೊಡ್ಡ ಮನಸ್ಸು. ಮೊದಲ ದಿನ ತರಗತಿಯೆದುರು ನನಗಾಗಿ ತಾವೇ ಕುರ್ಚಿ ಎಳೆದು ಕೊಟ್ಟರು. ನನಗೆ ಚಿದ್ರಿ ನೆನಪಾಯಿತು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಎಲ್ಲರಿಗೂ ಕೇಳುವ ಹಾಗೆ 'ಗ್ರಾಸಿಯಾಸ್, ಕಾಕಾ' ಎಂದೆ. ಉಪಕಾರವಾಯಿತು, ಹೇಲೇ.

ಅದೂ ಸಾಲದೆಂಬಂತೆ ಪ್ರತಿ ಮಾತಿನ ಕೊನೆಗೂ ನಮ್ಮ 'ರಿ' ಅಂಟಿಕೊಂಡೇ ಬರುತ್ತಿತ್ತು. ಹೌದೆನ್ನಲು 'ಸೀ ರಿ', ಅಲ್ಲವೆನ್ನಲು 'ನೋ ರಿ'. ಅವರ ಭಾಷೆಯಲ್ಲಿ 'ರಿಯೆ' ಎಂದರೆ 'ನಗು'. ನಾನು ಮರ್ಯಾದೆ ಕೊಟ್ಟಷ್ಟೂ ಅವರಿಗೆ 'ನಗು, ನಗು' ಎಂದು ಕೇಳಿಸುತ್ತಿತ್ತು. ಒಳ್ಳೆಯ ಮಂದಿ, ಹೇಳಿದಂತೆ ಕೇಳಿದರು. ಮೊದಲ ವಾರ ಕೋಣೆಯಲ್ಲಿ ಕೂತು ಅತ್ತೆ. ಎರಡನೆಯ ವಾರ ನಕ್ಕವರೇ ಬಂದು ಊಟಕ್ಕೆ ಕರೆದೊಯ್ದರು. ಹದಿನಾರು ಪುಟದ ವಿದ್ಯೆ ಮೂರು ತಿಂಗಳಲ್ಲಿ ಬಂತು.

ಸರ್ ಪ್ರತಿ ಭಾನುವಾರ ನಮ್ಮ ಅವ್ವನ ಬಳಿ ಬಂದು, ಅವ್ವನ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು. ಅವರ ಗುಂಡಿ ಫೋನು ಇದರಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ, ಆದರೂ ಕೈಯಲ್ಲಿ ಹಿಡಿದೇ ಬರುತ್ತಿದ್ದರಂತೆ. ಊಟ, ಹವೆ, ಪರ್ವತ ಎಲ್ಲ ಕೇಳಿದ ಮೇಲೆ ಧ್ವನಿ ಸಣ್ಣದು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಯಾರರ ನಕ್ಕರೇನು?"

ಇಲ್ಲ ಸರ್ ಎನ್ನುತ್ತಿದ್ದೆ. ಎರಡು ವರ್ಷ ಇದೇ ಸುಳ್ಳು. ಸುಳ್ಳು ಬಯಲಾಗಬಾರದಲ್ಲ, ಅದಕ್ಕೆ ಅವರ ಜೊತೆ ಅವರದೇ ಉಚ್ಚಾರದಲ್ಲಿ ಮಾತಾಡುತ್ತಿದ್ದೆ. ಹೊಲಾ ಎಂದರೆ ಹೊಲಾ ಎನ್ನುತ್ತಿದ್ದೆ. ಒಂದೇ ಬಾಯಲ್ಲಿ ಎರಡು ಸ್ಪ್ಯಾನಿಷ್ ಸಾಕಿಕೊಂಡಿದ್ದೆ, ಒಂದು ಪೆರುವಿನದು, ಒಂದು ಚಿದ್ರಿಯದು. ಪಕ್ಕದ ಕೋಣೆಯ ಗೆಳತಿ ಇವಳ ತಾಯ್ನುಡಿ ಇದೇ ಇರಬೇಕೆಂದು ಬಹಳ ದಿನ ತಿಳಿದಿದ್ದಳು.

ಓದು ಮುಗಿಸಿ ಬೀದರಿಗೆ ಬಂದು ಕೆಲಸಕ್ಕೆ ಸೇರಿದೆ. ಹೋದ ವರ್ಷ ಚಳಿಗಾಲದಲ್ಲಿ ಆ ಪ್ರೊಫೆಸರ್ ನಮ್ಮ ಸುರಂಗ ಬಾವಿ ನೋಡಲು ಬರುತ್ತೇನೆಂದು ಪತ್ರ ಬರೆದರು. ಜೊತೆಗೆ, ನನಗೆ ಸ್ಪ್ಯಾನಿಷ್ ಕಲಿಸಿದ ಆ ಗುರುಗಳನ್ನು ಕಾಣಲೇಬೇಕು ಎಂದೂ ಬರೆದಿದ್ದರು. ಸರ್ ಎರಡು ದಿನ ಹಿಗ್ಗಿದರು. ಹಜಾಮತಿ ಮಾಡಿಸಿಕೊಂಡರು. ಚಿದ್ರಿಯ ಮನೆಮನೆಗೂ ಹೋಗಿ, ತಾವೂ ಪ್ರೊಫೆಸರರೂ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ ಎಂದು ಹೇಳಿ ಬಂದರು. ಮೂರನೆಯ ದಿನ ನೋಡಿದರೆ ಮನೆಗೆ ಬೀಗ.

ಔರಾದದಿಂದ ಅವರ ತಂಗಿ ಫೋನು ಮಾಡಿ, ಅಣ್ಣನಿಗೆ ಜ್ವರ, ಪರದೇಶದವರು ಹೋಗುವವರೆಗೂ ಇಳಿಯುವುದಿಲ್ಲವಂತೆ ಎಂದರು. ಅಂಥ ಜ್ವರ ನೋಡಬೇಕೆಂದು ನಾನೇ ಬಸ್ಸು ಹತ್ತಿ ಹೋದೆ. ಸರ್ ಅಂಗಳದಲ್ಲಿ ಕೂತು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕಂಬಳಿಗಾಗಿ ತಡಕಾಡಿದರು. ಸಿಗಲಿಲ್ಲ. ತಂಗಿಯ ಸೀರೆ ಒಣಹಾಕಿದ್ದರು, ಅದನ್ನೇ ಎಳೆದು ಹೊದ್ದು ಕೆಮ್ಮಿದರು. ಜ್ವರಕ್ಕೆ ಕೆಮ್ಮು ಬೇಕಿಲ್ಲ ಸರ್ ಎಂದೆ. ಕೆಮ್ಮು ನಿಂತಿತು.

ನಾನೂ ಕೂತು ಹರಳು ಆರಿಸತೊಡಗಿದೆ. ಆಮೇಲೆ ಅವರೇ ಮಾತು ತೆಗೆದರು.

"ನನ್ನ ಪುಸ್ತಕದಾಗ ಪರಿವಿಡಿ ಹಿಂದಿನ ಹಾಳಿಯೊಳಗ ಅದ. ಮೊದಲಿನ ಹದಿನಾರು ಪುಟದಾಗ ಏನಿತ್ತು ಅಂಬೋದು ನನಗ ತಂದ ದಿನಾನೇ ಗೊತ್ತಾಗಿತ್ತು. ನನ್ನೊಬ್ಬನ ಹೊಟ್ಟಿ ತೊಳಸೋದಕ್ಕ ಕಲ್ತೇನಿ, ಹ್ಯಾಂಗ ಅಂದ್ರೇನು ಅಂತ ಬಿಟ್ಟಿದ್ದೆ. ನೀ ಬಂದು ಚಾಪಿ ಮ್ಯಾಲ ಕೂತಿ. ನನಗ ಬರೂದಿಲ್ಲ ಅನ್ನಲಿಕ್ಕೆ ನಾಲಿಗಿ ಹೊಳ್ಳಲಿಲ್ಲ. ಖರೆ ಹೇಳು, ನಾ ನಿನ್ನ ಕೆಡಿಸೀನೇನು?"

ಇಲ್ಲ ಎಂದೆ. ರೂಢಿಯಾಗಿತ್ತಲ್ಲ, ತಟ್ಟನೆ ಬಂತು. ಸರ್ ನನ್ನ ಮುಖವನ್ನೇ ನೋಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹೋಂವರ್ಕ್ ಕೇಳಿದ ಕಣ್ಣು ಅದು. ಹಾಗಾದರೆ ಅವರನ್ನೇ ಕೇಳುತ್ತೇನೆ ಎಂದು ಸೀರೆ ತೆಗೆದು ಮಡಿಚಿಟ್ಟು ನನ್ನ ಜೊತೆ ಬಸ್ಸಿಗೆ ಬಂದರು. ದಾರಿಯುದ್ದಕ್ಕೂ ಒಂದು ಕ್ರಿಯಾಪದ ಹೇಳಲಿಲ್ಲ. ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು.

ಪ್ರೊಫೆಸರ್ ಬಂದರು, ಸುರಂಗ ಬಾವಿ ನೋಡಿದರು, ಮಧ್ಯಾಹ್ನ ಅಷ್ಟೂರಿನ ಬಹಮನಿ ಗೋರಿಗಳ ಗುಂಬಜಗಳ ನೆರಳಿಗೆ ಬಂದು ಕೂತೆವು. ಸರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ನಿಂತು, ಎರಡು ಪುಟದ ಸ್ವಾಗತ ಭಾಷಣವನ್ನು ಸ್ಪ್ಯಾನಿಷಿನಲ್ಲಿ ಓದಿದರು. ಮುಗಿದ ಮೇಲೆ ಪ್ರೊಫೆಸರ್ ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿ, ನಿಮ್ಮ ಕನ್ನಡ ಎಷ್ಟು ಇಂಪಾದ ಭಾಷೆ ಎಂದರು.

ಅವರು ಹೇಳಿದ್ದು ಸ್ಪ್ಯಾನಿಷಿನಲ್ಲಿ. ಸರ್‌ಗೆ ಅದರಲ್ಲಿ ತಿಳಿದದ್ದು ಕನ್ನಡ ಎಂಬ ಒಂದೇ ಪದ. ಅಷ್ಟು ಸಾಕಾಯಿತು. ಕುರ್ಚಿ ಇರಲಿಲ್ಲ, ಕಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತರು. ನನಗೆ ಆ ಗುಂಬಜದೊಳಗೇ ಹೋಗಿ ಮಲಗಿಬಿಡೋಣ ಅನ್ನಿಸಿತು.

ಆಮೇಲೆ ಸರ್ ಭಾಷಣದ ಕಾಗದ ತಿರುಗಿಸಿ, ಜೇಬಿನಿಂದ ನೀಲಿ ಪೆನ್ನು ತೆಗೆದು ಏನೋ ಬರೆದು ಪ್ರೊಫೆಸರರ ಮುಂದಿಟ್ಟರು. ಪ್ರೊಫೆಸರ್ ಕನ್ನಡಕ ಹಾಕಿಕೊಂಡು ಓದಿದರು. ಓದುತ್ತ ಬೆನ್ನು ನೆಟ್ಟಗಾಯಿತು. ಒಮ್ಮೆ ಸರ್ ಕಡೆ ನೋಡಿ, ಪೆನ್ನು ಇಸಿದುಕೊಂಡು ಕೆಳಗೆ ಉತ್ತರ ಬರೆದರು. ಸರ್ ಓದಿ ಮತ್ತೆ ಬರೆದರು. ಅಷ್ಟೇ ನೋಡಿ, ಇಬ್ಬರೂ ಹಿಂದಿನ ಬೆಂಚಿನ ಹುಡುಗರ ಹಾಗೆ ಚೀಟಿ ದಾಟಿಸತೊಡಗಿದರು. ಆಂಡಿಸ್ ಬಂತು, ನೀರು ಬಂತು, ಬಸ್ಸಿನ ವಾಂತಿಯೂ ಬಂತು. ಭಾಷಣದ ಕಾಗದ ತುಂಬಿ, ಬಸ್ಸಿನ ಟಿಕೀಟು ತುಂಬಿ, ಬಡೇಸೋಪಿನ ಪೊಟ್ಟಣ ಬಿಚ್ಚಿ ಅದರ ಮೇಲೂ ಬರೆದರು. ನಾನು ಎರಡೂ ಭಾಷೆ ಬಲ್ಲವಳು ಸುಮ್ಮನೆ ಶೇಂಗಾ ತಿನ್ನುತ್ತ ಕೂತಿದ್ದೆ.

ಕೊನೆಗೆ ಸರ್ ಒಂದು ಸಾಲು ಬರೆದು, ನನಗೆ ಕಾಣದಂತೆ ಅಂಗೈ ಮುಚ್ಚಿ ಕೊಟ್ಟರು. ಪ್ರೊಫೆಸರ್ ಓದಿ ನನ್ನ ಕಡೆ ನೋಡಿದಾಗಲೇ ಗೊತ್ತಾಯಿತು, ಅದು ಭಾನುವಾರದ ಪ್ರಶ್ನೆ. ತಲೆಯಾಡಿಸಿ ಬೇಡ ಎಂದು ಸನ್ನೆ ಮಾಡಿದೆ. ಆ ಮನುಷ್ಯ ಸುಳ್ಳು ಬರೆಯುವವರಲ್ಲ. ಹೌದು, ನಕ್ಕರು ಎಂದು ಬರೆದರು. ನನ್ನನ್ನು ಹೀಗೆ ಕರೆದಳು ಎಂದು ಕೆಳಗೆ ಒಂದು ಪದ ಬರೆದರು. ಸರ್‌ಗೆ ಆ ಪದದಲ್ಲಿ ಏನು ತಪ್ಪೆಂದು ತಿಳಿಯಲಿಲ್ಲ. ಪ್ರೊಫೆಸರ್ ಒಂದು ಚಿತ್ರ ಬರೆದು ತೋರಿಸಿದರು. ಸಣ್ಣ ಗುಡ್ಡೆ, ಮೇಲೆ ಆವಿ ಏಳುತ್ತಿತ್ತು.

ಸರ್ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಜ್ವಾಲಾಮುಖಿ," ಎಂದರು. "ಆ ದೇಶದಾಗ ಭಾಳ ಅವ."

ನಾನೇ ಹೇಳಬೇಕಾಯಿತು. ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. ಸರ್ ಮುಖ ಬಿಳಿಚಿತು. ಎದ್ದು ಪ್ರೊಫೆಸರರ ಮುಂದೆ ಕೈಮುಗಿದು, ತಪ್ಪಾಯಿತು ಎಂದು ಕನ್ನಡದಲ್ಲೇ ಹೇಳಿದರು. ಪ್ರೊಫೆಸರ್ ಆ ಕೈಗಳನ್ನು ಹಿಡಿದು ಬಿಡಿಸಿ, ಪೊಟ್ಟಣದ ಮೂಲೆಯಲ್ಲಿ ಉಳಿದಿದ್ದ ಜಾಗದಲ್ಲಿ ಬರೆದರು. ವಿದ್ಯಾರ್ಥಿಗಳು ನನಗೆ ಹಿಂದಿನಿಂದ ಇದನ್ನು ಎಷ್ಟೋ ವರ್ಷದಿಂದ ಅನ್ನುತ್ತಿದ್ದಾರೆ. ಎದುರಿಗೆ ಬಂದು, ಕೈಮುಗಿದು ಅಂದವಳು ಇವಳೊಬ್ಬಳೇ.

ಸರ್ ಅದನ್ನು ಓದಿ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ ಹಿಡಿದುಕೊಂಡರು, ಕಡೆಗೆ ಬಡೇಸೋಪು ನೆತ್ತಿಗೇರಿ ಪ್ರೊಫೆಸರೇ ಅವರ ಬೆನ್ನು ತಟ್ಟಬೇಕಾಯಿತು. ಗುಂಬಜದ ಪಾರಿವಾಳಗಳೆಲ್ಲ ಹಾರಿಹೋದವು. ಆದರೆ ಮನೆಗೆ ಬರುವಾಗ ಆಟೋದಲ್ಲಿ ಮುಖ ಆಚೆ ತಿರುಗಿಸಿಕೊಂಡರು. ನಕ್ಕವರೇ ನನಗೆ ಗೆಳೆಯರಾದರು, ನೀವು ಕಲಿಸಿದ್ದರಿಂದಲೇ ನಾನು ಅಲ್ಲಿಗೆ ಹೋದೆ ಎಂದೆಲ್ಲ ಹೇಳಿದೆ. ಚಿದ್ರಿ ಬರುವವರೆಗೆ ರಸ್ತೆಯನ್ನೇ ನೋಡುತ್ತ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಎರಡು ವರ್ಷ ನಾನು ಅಷ್ಟು ಜೋಪಾನ ಮಾಡಿದ್ದು ಒಂದು ಚೀಟಿಯಲ್ಲಿ ಹೋಯಿತಲ್ಲ ಎಂದು ಸಂಕಟವಾಯಿತು.

ಪ್ರೊಫೆಸರ್ ಊರಿಗೆ ಹೋದರು. ಒಂದು ವಾರ ಸರ್ ಮನೆಯ ಬಾಗಿಲು ಮುಂದೆ ಮಾಡಿಯೇ ಇತ್ತು. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮೊದಲು ನಮ್ಮ ಹೊಸ್ತಿಲಲ್ಲಿ ಬಂದು ನಿಂತರು. ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದರು. ಕೈಯಲ್ಲಿ ಇನ್ನೂರು ಪುಟದ ಹೊಸ ನೋಟುಬುಕ್ಕು. ಅವ್ವ ಲಗುಬಗೆಯಿಂದ ಕುರ್ಚಿ ತಂದಿಟ್ಟಳು. ಸರ್ ಆ ಕುರ್ಚಿಯನ್ನು ನನ್ನ ಕಡೆ ಸರಿಸಿ, ತಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಹಾಳೆ ತೆಗೆದು ತಾರೀಕು ಬರೆದರು.

ಮೇಲೆ ಕೂಡಿರಿ ಸರ್, ಹೀಗೆ ಮಾಡಬೇಡಿ ಎಂದು ಗೋಗರೆದೆ. ಅವರು ತಲೆ ಎತ್ತಲಿಲ್ಲ. ಕೆಂಪು ಪೆನ್ನಿನಿಂದ ಮಾರ್ಜಿನ್ ಎಳೆಯುತ್ತಿದ್ದರು.

"ಟೈಮ್ ಹೋಗ್ಲತದ ಮೇಡಂ," ಎಂದರು. "ನೀವು ಹೇಳ್ರಿ. ನಾ ಬರ್ಕೋತೇನಿ."

ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ನೀ ಎಂದವರು ಅವರು. ಕುರ್ಚಿ ಅಲ್ಲೇ ಇತ್ತು, ನನಗೆ ಕೂಡಲಾಗಲಿಲ್ಲ. ನಿಂತುಕೊಂಡೇ 'ಆ' ಎಂದೆ. ಸರ್ ದೊಡ್ಡ ದನಿಯಲ್ಲಿ 'ಆ' ಎಂದರು.